ಮತದಾರನ ಉಮೇದು

ಚುನಾವಣೆಗೆ ನಿಂತವನನ್ನು ನಾವು ಉಮೇದುವಾರ ಎನ್ನುತ್ತೇವೆ. ಇದು ಪಾರಸಿಯಿಂದ ಬಂದ ಮಾತು. ಮೂಲದಲ್ಲಿ ‘ಉಮೇದು’ ಎಂದರೆ ಆಸೆ, ನಿರೀಕ್ಷೆ. ಕನ್ನಡಕ್ಕೆ ಬಂದಮೇಲೆ ಅದಕ್ಕೆ ಹುರುಪು, ಉತ್ಸಾಹ ಎಂಬ ಅರ್ಥವೂ ಕೂಡಿಕೊಂಡಿತು. ಇಂಗ್ಲಿಷಿನವರ ‘ಕ್ಯಾಂಡಿಡೇಟ್’ ಎಂಬ ಮಾತಿನ ಹುಟ್ಟು ಬೇರೆ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಬಿಳಿಯುಡುಗೆಯವನು ಎಂದು ಅರ್ಥ. ಪ್ರಾಚೀನ ರೋಮಿನಲ್ಲಿ ಅಧಿಕಾರ ಬಯಸಿ ಜನರೆದುರಿಗೆ ಬರುವವರು ಅಚ್ಚ ಬಿಳುಪಿನ ನಿಲುವಂಗಿ ಧರಿಸಿ ಓಡಾಡುತ್ತಿದ್ದರು. ಒಂದು ಭಾಷೆ ಅವನ ಬಟ್ಟೆಯನ್ನು ನೋಡಿ ಹೆಸರಿಟ್ಟಿತು. ಇನ್ನೊಂದು ಅವನ ಆಸೆಯನ್ನು ನೋಡಿ ಹೆಸರಿಟ್ಟಿತು. ಆದರೆ ಚುನಾವಣೆಯಲ್ಲಿ ಆಸೆಯೂ ಹುರುಪೂ ನಿಂತವನಿಗೆ ಮಾತ್ರ ಸೇರಿದುವಲ್ಲ. ವೋಟು ಕೊಡುವವನಿಗೂ ಒಂದು ಉಮೇದು ಉಂಟು. ‘ಇವನೇ ಆಗಬೇಕು’ ಎಂಬ ಉಮೇದು. ಅದಕ್ಕೆ ಬೆಲೆ ಎಷ್ಟು, ಅದು ಯಾವಾಗ ಫಲಿಸುತ್ತದೆ, ಯಾವಾಗ ಫಲಿಸದೆ ಹೋಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ‘ಪ್ರೈಮರಿ’ಗಳನ್ನು ನೋಡಬೇಕು.

ಪ್ರೈಮರಿ ಎಂದರೇನು? ಆ ದೇಶದ ಅಧ್ಯಕ್ಷರು ನಮ್ಮ ರಾಷ್ಟ್ರಪತಿಗಳಂತೆ ಶಾಸನಸಭೆಗಳ ಸದಸ್ಯರಿಂದ ಆರಿಸಿಬಂದವರಲ್ಲ. ರಾಜ್ಯಭಾರದ ಹೊಣೆಯೆಲ್ಲ ಅವರದೇ. ನವೆಂಬರ್ ತಿಂಗಳಲ್ಲಿ ದೇಶದ ಮತದಾರರು ಅವರ ವಿಷಯದಲ್ಲಿ ವೋಟು ಹಾಕುತ್ತಾರೆ. ಆದರೆ ನವೆಂಬರಿನಲ್ಲಿ ಮತದಾರನ ಮುಂದೆ ಬರುವ ಹೆಸರುಗಳಲ್ಲಿ ಮುಖ್ಯವಾದುವು ಎರಡೇ: ಡೆಮೊಕ್ರಾಟಿಕ್ ಪಕ್ಷದ್ದೊಂದು, ರಿಪಬ್ಲಿಕನ್ ಪಕ್ಷದ್ದೊಂದು. ಆ ಎರಡು ಹೆಸರುಗಳು ಎಲ್ಲಿಂದ ಬಂದುವು? ಪಕ್ಷದೊಳಗೆ ಹತ್ತು ಮಂದಿ ಆಕಾಂಕ್ಷಿಗಳಿದ್ದರೆ ಅವರಲ್ಲಿ ಒಬ್ಬರನ್ನು ಗೊತ್ತುಮಾಡಿದವರು ಯಾರು? ಈ ಕೆಲಸದಲ್ಲಿ ಸಾಮಾನ್ಯ ಮತದಾರನಿಗೂ ಕೈಯಿರಬೇಕೆಂದು ಏರ್ಪಟ್ಟ ಮೊದಲ ಸುತ್ತಿನ ಚುನಾವಣೆಯೇ ಪ್ರೈಮರಿ.

ಮನೆಯ ಮಾತಿನಲ್ಲಿ ಹೇಳುವುದಾದರೆ, ಎಲೆಯ ಮುಂದೆ ಕುಳಿತವನಿಗೆ ಬಡಿಸಿದ್ದನ್ನು ಬೇಕು ಎನ್ನುವ, ಬೇಡ ಎನ್ನುವ ಸ್ವಾತಂತ್ರ್ಯ ಉಂಟು. ಒಲೆಯ ಮೇಲೆ ಏನನ್ನು ಇಡಬೇಕೆಂದು ಹೇಳುವ ಸ್ವಾತಂತ್ರ್ಯ ಇಲ್ಲ. ಪ್ರೈಮರಿ ಅವನನ್ನು ಅಡುಗೆಮನೆಯ ಬಾಗಿಲವರೆಗೆ ಕರೆದೊಯ್ಯುತ್ತದೆ. ನಮ್ಮಲ್ಲಿ ಪಕ್ಷದ ಟಿಕೆಟ್ಟು ಯಾರಿಗೆ ಎಂಬುದನ್ನು ಪಕ್ಷದ ಹಿರಿಯರೂ ಮಂಡಲಿಗಳೂ ತೀರ್ಮಾನಿಸುವುದು ವಾಡಿಕೆ. ಅಲ್ಲಿ ಅಧ್ಯಕ್ಷ ಪದವಿಗೆ ಮಾತ್ರವಲ್ಲ, ಕಾಂಗ್ರೆಸ್ ಸಭೆಗೆ, ರಾಜ್ಯದ ಗವರ್ನರ್ ಹುದ್ದೆಗೆ ಕೂಡ ಹೀಗೆ ಮೊದಲ ಸುತ್ತು ನಡೆಯುತ್ತದೆ. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಎಂಬವರು ೨೦೧೮ರಲ್ಲಿ ಮಿಚಿಗನ್ ರಾಜ್ಯದ ಗವರ್ನರ್ ಪದವಿಯ ಪ್ರೈಮರಿಯಲ್ಲಿ ಸೋತರು. ೨೦೨೨ರಲ್ಲಿ ಕಾಂಗ್ರೆಸ್ ಸಭೆಯ ಪ್ರೈಮರಿಯಲ್ಲಿ ಗೆದ್ದು, ನವೆಂಬರಿನಲ್ಲಿಯೂ ಗೆದ್ದು ಸದಸ್ಯರಾದರು. ಪ್ರೈಮರಿಯ ಹೊಸ್ತಿಲನ್ನು ದಾಟದೆ ಮುಂದಿನ ಅಂಗಳವಿಲ್ಲ.

ಅಧ್ಯಕ್ಷ ಪದವಿಯ ಪ್ರೈಮರಿಯಲ್ಲಿ ಒಂದು ವಿಶೇಷ ಉಂಟು. ಮತದಾರರ ವೋಟು ನೇರವಾಗಿ ಉಮೇದುವಾರನನ್ನು ಗೊತ್ತುಮಾಡುವುದಿಲ್ಲ. ಬೇಸಗೆಯಲ್ಲಿ ಪ್ರತಿಯೊಂದು ಪಕ್ಷವೂ ಒಂದು ಮಹಾಧಿವೇಶನವನ್ನು ಕೂಡಿಸುತ್ತದೆ. ಅಲ್ಲಿಗೆ ಪ್ರತಿಯೊಂದು ರಾಜ್ಯದಿಂದಲೂ ಪ್ರತಿನಿಧಿಗಳು ಹೋಗುತ್ತಾರೆ. ಅವರಲ್ಲಿ ಬಹುಮತ ಯಾರ ಕಡೆಗೋ ಅವರೇ ಪಕ್ಷದ ಉಮೇದುವಾರರು. ಯಾರ ಕಡೆಯ ಪ್ರತಿನಿಧಿಗಳು ಎಷ್ಟು ಮಂದಿ ಹೋಗಬೇಕೆಂಬುದನ್ನು ಗೊತ್ತುಮಾಡುವುದು ಪ್ರೈಮರಿಯ ಕೆಲಸ. ರಾಜ್ಯ ರಾಜ್ಯಕ್ಕೂ ನಿಯಮ ಬೇರೆ, ದಿನ ಬೇರೆ. ಕೆಲವು ಕಡೆ ಪಕ್ಷದ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡವರಿಗೆ ಮಾತ್ರ ವೋಟು. ಕೆಲವು ಕಡೆ ಯಾವ ಪಕ್ಷಕ್ಕೂ ಸೇರದವರಿಗೂ ಅವಕಾಶ. ವೋಟಿನ ಪೆಟ್ಟಿಗೆಯ ಬದಲು ನೆರೆಹೊರೆಯವರು ಸಂಜೆ ಶಾಲೆಯ ಕೋಣೆಯಲ್ಲೋ ಸಭಾಮಂದಿರದಲ್ಲೋ ಕಲೆತು ತಮ್ಮ ಒಲವನ್ನು ತಿಳಿಸುವ ರಾಜ್ಯಗಳೂ ಉಂಟು. ಆ ಕೂಟಕ್ಕೆ ‘ಕಾಕಸ್’ ಎಂದು ಹೆಸರು.

ಈ ಪದ್ಧತಿ ಆ ದೇಶದ ಸಂವಿಧಾನದಲ್ಲಿ ಬರೆದದ್ದಲ್ಲ. ಮೊದಮೊದಲು ಕಾಂಗ್ರೆಸ್ ಸಭೆಯ ಸದಸ್ಯರೇ ಕೂಡಿ ತಮ್ಮ ಪಕ್ಷದವರನ್ನು ಹೆಸರಿಸುತ್ತಿದ್ದರು. ೧೮೩೦ರ ದಶಕದಿಂದ ಮಹಾಧಿವೇಶನಗಳು ಬಂದುವು. ಆದರೆ ಅಲ್ಲಿಗೆ ಹೋಗುವ ಪ್ರತಿನಿಧಿಗಳು ಪಕ್ಷದ ಮುಖಂಡರು ಕಳುಹಿಸಿದವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವು ರಾಜ್ಯಗಳು ಪ್ರೈಮರಿಗಳನ್ನು ಆರಂಭಿಸಿದುವು. ಬಹುಕಾಲದವರೆಗೆ ಅವು ತೋರಿಕೆಯ ಬಲವುಳ್ಳವಾಗಿದ್ದುವೇ ಹೊರತು ನಿಜವಾದ ಅಧಿಕಾರ ಮುಖಂಡರ ಕೈಯಲ್ಲಿಯೇ ಉಳಿದಿತ್ತು. ೧೯೧೨ರಲ್ಲಿ ಥಿಯೊಡೋರ್ ರೂಸ್‌ವೆಲ್ಟರು ರಿಪಬ್ಲಿಕನ್ ಪ್ರೈಮರಿಗಳಲ್ಲಿ ಬಹುಪಾಲನ್ನು ಗೆದ್ದರು. ಪಕ್ಷ ಹೆಸರಿಸಿದ್ದು ಟ್ಯಾಫ್ಟರನ್ನು. ೧೯೫೨ರಲ್ಲಿ ಎಸ್ಟಿಸ್ ಕಿಫಾವರ್ ಎಂಬ ಸೆನೆಟ್ ಸದಸ್ಯರು ಊರೂರು ತಿರುಗಿ, ಸಿಕ್ಕಿದವರ ಕೈಕುಲುಕಿ, ನ್ಯೂ ಹ್ಯಾಂಪ್‌ಷೈರಿನಲ್ಲಿ ಅಧಿಕಾರದಲ್ಲಿದ್ದ ಅಧ್ಯಕ್ಷ ಟ್ರೂಮನ್ನರನ್ನೇ ಸೋಲಿಸಿದರು. ಮುಂದಿನ ಪ್ರೈಮರಿಗಳಲ್ಲಿ ಹೆಚ್ಚಿನವು ಕಿಫಾವರರ ಪಾಲಾದುವು. ಡೆಮೊಕ್ರಾಟಿಕ್ ಪಕ್ಷ ಹೆಸರಿಸಿದ್ದು, ಪ್ರೈಮರಿಗಳಲ್ಲಿ ಸ್ಪರ್ಧಿಸದೆ ಇದ್ದ ಸ್ಟೀವನ್ಸನ್ನರನ್ನು. ಮತದಾರನ ಉಮೇದು ಬಾಗಿಲವರೆಗೆ ಬಂದು ನಿಂತಿತು. ಒಳಗಿನಿಂದ ಅಗುಳಿ ಹಾಕಿತ್ತು.

ಈ ಅಗುಳಿಯನ್ನು ಸಡಿಲಿಸಿದ ವರ್ಷ ೧೯೬೮. ಆ ವರ್ಷದ ಕಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಆಗ ಅಧ್ಯಕ್ಷರಾಗಿದ್ದವರು ಲಿಂಡನ್ ಜಾನ್ಸನ್ನರು. ೧೯೬೪ರಲ್ಲಿ ನೂರಕ್ಕೆ ೬೧ರಷ್ಟು ಮತ ಪಡೆದು ಗೆದ್ದಿದ್ದವರು. ಆದರೆ ವಿಯೆಟ್ನಾಮಿನ ಯುದ್ಧ ಬೆಳೆಯುತ್ತ ಬೆಳೆಯುತ್ತ ೧೯೬೮ರ ಆದಿಯಲ್ಲಿ ಸುಮಾರು ೫ ಲಕ್ಷ ಅಮೆರಿಕನ್ ಸೈನಿಕರು ಅಲ್ಲಿದ್ದರು. ಸೈನ್ಯಸೇವೆ ಕಡ್ಡಾಯವಾಗಿತ್ತು. ಹದಿನೆಂಟು ತುಂಬಿದ ಹುಡುಗನಿಗೆ ಸರ್ಕಾರದ ಕರೆ ಬರಬಹುದಾಗಿತ್ತು. ವೋಟಿನ ಹಕ್ಕು ಮಾತ್ರ ಹೆಚ್ಚಿನ ರಾಜ್ಯಗಳಲ್ಲಿ ಇಪ್ಪತ್ತೊಂದು ತುಂಬಿದವರಿಗೆ. ಪ್ರಾಣ ಕೊಡುವ ವಯಸ್ಸು ಒಂದು, ಮತ ಕೊಡುವ ವಯಸ್ಸು ಇನ್ನೊಂದು. ಆ ಯುದ್ಧ ಮುಗಿಯುವ ಹೊತ್ತಿಗೆ ಸತ್ತ ಅಮೆರಿಕನ್ನರು ೫೮,೦೦೦ಕ್ಕೂ ಹೆಚ್ಚು; ವಿಯೆಟ್ನಾಮಿನವರು ಲಕ್ಷಗಟ್ಟಲೆ.

ಅಧಿಕಾರದಲ್ಲಿರುವ ಅಧ್ಯಕ್ಷರನ್ನು ಅವರ ಪಕ್ಷದವರೇ ಎದುರಿಸುವುದು ಮರ್ಯಾದೆಗೂ ರಾಜಕಾರಣಕ್ಕೂ ಒಪ್ಪುವ ಮಾತಲ್ಲ ಎಂದು ದೊಡ್ಡ ದೊಡ್ಡ ಮುಖಂಡರು ಹಿಂದೆಗೆದರು. ಕೊನೆಗೆ ೧೯೬೭ರ ನವೆಂಬರ್ ೩೦ರಂದು ಮಿನ್ನೆಸೋಟ ರಾಜ್ಯದ ಸೆನೆಟ್ ಸದಸ್ಯ ಯೂಜೀನ್ ಮೆಕಾರ್ಥಿಯವರು ಕೆಲವು ಪ್ರೈಮರಿಗಳಲ್ಲಿ ಸ್ಪರ್ಧಿಸುವುದಾಗಿ ತಿಳಿಸಿದರು. ಇವರು ಮೊದಲು ಕಾಲೇಜಿನ ಉಪಾಧ್ಯಾಯರು, ಪದ್ಯ ಬರೆಯುವವರು. ಸಭೆಯನ್ನು ಗುಡುಗಿನಿಂದ ನಡುಗಿಸುವ ಮಾತುಗಾರರಲ್ಲ. ಮೆಲ್ಲನೆಯ ದನಿ, ಒಣಹಾಸ್ಯ. ಇಂಥವರಿಗೆ ಸಿಕ್ಕುವ ಮತ ಅಲ್ಪವೆಂದು ತಿಳಿದವರೆಲ್ಲ ಅಂದಾಜು ಮಾಡಿದರು.

ಮೊದಲ ಪ್ರೈಮರಿ ನ್ಯೂ ಹ್ಯಾಂಪ್‌ಷೈರಿನಲ್ಲಿ. ಈಶಾನ್ಯ ಮೂಲೆಯ ಚಿಕ್ಕ ರಾಜ್ಯ. ಆಗ ಏಳು ಲಕ್ಷದಷ್ಟು ಜನ. ಗುಡ್ಡ, ಕಾಡು, ಗಿರಣಿಯ ಊರುಗಳು, ಮಾರ್ಚಿಯವರೆಗೂ ಹಿಮ. ಊರಿನ ವಾರ್ಷಿಕ ಸಭೆ ಸೇರುವ ದಿನವೇ ಪ್ರೈಮರಿಯನ್ನೂ ಇಟ್ಟುಕೊಂಡಿದ್ದ ಜನ. ಈ ಹಿಮದ ನಾಡಿಗೆ ೧೯೬೮ರ ಫೆಬ್ರವರಿ ಮಾರ್ಚಿಯಲ್ಲಿ ಅಕ್ಕಪಕ್ಕದ ರಾಜ್ಯಗಳ ಕಾಲೇಜುಗಳಿಂದ ಸಾವಿರಾರು ವಿದ್ಯಾರ್ಥಿಗಳು ಬಂದಿಳಿದರು. ಯಾರೂ ಕೂಲಿ ಕೊಟ್ಟು ಕರೆಸಿದವರಲ್ಲ. ಚರ್ಚಿನ ನೆಲಮಾಳಿಗೆಗಳಲ್ಲಿ, ಪರಿಚಯದವರ ಮನೆಯ ನೆಲದ ಮೇಲೆ ಮಲಗಿದರು. ಆ ಕಾಲದ ಹುಡುಗರ ನೀಳಗೂದಲು, ಗಡ್ಡ ಹಳ್ಳಿಯ ಹಿರಿಯರಿಗೆ ಹಿಡಿಸುವುದಿಲ್ಲವೆಂದು ಕೂದಲು ಕತ್ತರಿಸಿಕೊಂಡರು, ಗಡ್ಡ ಬೋಳಿಸಿಕೊಂಡರು, ಕೋಟು ತೊಟ್ಟರು. ಹುಡುಗಿಯರು ಸಭ್ಯವಾದ ಉಡುಪು ಧರಿಸಿದರು. ರೋಮಿನಲ್ಲಿ ಬಿಳಿಯುಡುಗೆ ತೊಡುತ್ತಿದ್ದವನು ಉಮೇದುವಾರ. ಇಲ್ಲಿ ಅವನ ಕಡೆಯವರೇ ಶುಭ್ರರಾಗಿ ಬಂದರು. ‘ಯೂಜೀನರಿಗಾಗಿ ಶುಚಿಯಾಗೋಣ’ ಎಂಬುದೇ ಅವರ ಮಾತಾಯಿತು.

ಅವರು ಮಾಡಿದ ಕೆಲಸವೇನು? ಮತದಾರರ ಪಟ್ಟಿ ಹಿಡಿದು ಮನೆಮನೆಯ ಬಾಗಿಲು ತಟ್ಟುವುದು. ವಾದಿಸುವುದಲ್ಲ, ಕೇಳುವುದು. ಯುದ್ಧದ ವಿಷಯದಲ್ಲಿ ಮನೆಯವರ ಅಭಿಪ್ರಾಯವೇನು, ಬೆಲೆಗಳ ವಿಷಯದಲ್ಲಿ ಏನು ಹೇಳುತ್ತಾರೆ ಎಂದು ಕೇಳಿ, ಒಂದು ಕರಪತ್ರ ಕೊಟ್ಟು, ವಂದಿಸಿ ಬರುವುದು. ರಾತ್ರಿ ಕುಳಿತು ಯಾರು ನಮ್ಮ ಕಡೆ, ಯಾರು ಅನುಮಾನ, ಯಾರು ಖಂಡಿತ ಇಲ್ಲ ಎಂದು ಚೀಟಿಗಳನ್ನು ವಿಂಗಡಿಸುವುದು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತೇವಲ್ಲ, ಹಾಗೆ. ಅವರಲ್ಲಿ ಬಹಳ ಮಂದಿಗೆ ವಯಸ್ಸು ಸಾಲದೆ ವೋಟೇ ಇರಲಿಲ್ಲ. ವೋಟಿದ್ದವರಿಗೂ ಅದು ಬೇರೆ ರಾಜ್ಯದಲ್ಲಿ. ತಮಗಿಲ್ಲದ ವೋಟನ್ನು ಇನ್ನೊಬ್ಬರಲ್ಲಿ ಬೇಡಲು ಹೋದವರು ಅವರು.

ಊರಿನ ಮತದಾರರ ಕೈಯಲ್ಲಿ ಏನಿತ್ತು? ಅಲ್ಲಿನ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳೋಣ. ಅವಳಿಗೆ ಒಬ್ಬ ಉಮೇದುವಾರರಲ್ಲಿ ನಂಬಿಕೆ ಹುಟ್ಟಿತು. ಕೋಟಿನ ಮೇಲೆ ಅವರ ಹೆಸರಿನ ಬಿಲ್ಲೆ ಚುಚ್ಚಿಕೊಳ್ಳಬಹುದು. ಅಂಗಳದಲ್ಲಿ ಫಲಕ ನೆಡಬಹುದು. ನಾಲ್ಕು ಡಾಲರು ಕಳುಹಿಸಬಹುದು. ನೆರೆಯವರನ್ನು ಕಾಫಿಗೆ ಕರೆದು, ಉಮೇದುವಾರರನ್ನೋ ಅವರ ಪರವಾಗಿ ಬಂದವರನ್ನೋ ಅವರ ಮುಂದೆ ಕೂರಿಸಿ ಪ್ರಶ್ನೆ ಕೇಳಿಸಬಹುದು. ವೋಟಿನ ದಿನ ಮುದುಕರನ್ನು ತನ್ನ ಮೋಟಾರಿನಲ್ಲಿ ಕರೆದೊಯ್ಯಬಹುದು. ಇವುಗಳಲ್ಲಿ ಒಂದೂ ದೊಡ್ಡ ಕೆಲಸವಲ್ಲ. ಆದರೆ ಪತ್ರಿಕೆಯ ಜಾಹೀರಾತು ಮಾಡಲಾರದ ಕೆಲಸವನ್ನು ಪಕ್ಕದ ಮನೆಯಾಕೆಯ ಮಾತು ಮಾಡುತ್ತದೆ. ಅವಳಿಗೆ ಅದರಿಂದ ಲಾಭವಿಲ್ಲವೆಂದು ಕೇಳುವವರಿಗೆ ಗೊತ್ತು.

ಎದುರು ಪಕ್ಷದವರು ಹಿಡಿದ ದಾರಿ ಬೇರೆ. ಜಾನ್ಸನ್ನರು ತಾವು ಸ್ಪರ್ಧಿಸುವುದಾಗಿ ಹೇಳಿರಲಿಲ್ಲವಾಗಿ ಅವರ ಹೆಸರು ಮತಪತ್ರದಲ್ಲಿ ಅಚ್ಚಾಗಿರಲಿಲ್ಲ. ಅಲ್ಲಿ ಮತದಾರ ತನಗೆ ಬೇಕಾದ ಹೆಸರನ್ನು ಕೈಯಿಂದ ಬರೆದರೂ ಎಣಿಕೆಗೆ ಸೇರುತ್ತದೆ. ರಾಜ್ಯದ ಪಕ್ಷದ ಮುಖಂಡರು ಜಾನ್ಸನ್ನರ ಹೆಸರನ್ನು ಬರೆಯುತ್ತೇನೆಂದು ಮುಂಚಿತವಾಗಿ ಸಹಿ ಮಾಡಿಕೊಡುವ ಪ್ರತಿಜ್ಞೆಯ ಚೀಟಿಗಳನ್ನು ಹಂಚಿದರು. ಚೀಟಿಗೆ ಕ್ರಮಸಂಖ್ಯೆ, ಮೂರು ತುಂಡು. ಒಂದು ತುಂಡು ಮತದಾರನ ಬಳಿ, ಇನ್ನೊಂದು ಪಕ್ಷದ ಕಚೇರಿಗೆ, ಮತ್ತೊಂದು ವಾಷಿಂಗ್ಟನ್ನಿನ ಶ್ವೇತಭವನಕ್ಕೆ. ಮೆಕಾರ್ಥಿಯವರ ಕಡೆಯವರು ಇದನ್ನು ಹಿಡಿದುಕೊಂಡರು: ಹಾಗಾದರೆ ಗುಪ್ತಮತದಾನ ಎಲ್ಲಿಗೆ ಹೋಯಿತು? ಉಮೇದನ್ನು ಮನಸ್ಸಿನಿಂದ ಕೊಡಬಹುದು. ರಸೀತಿ ಕೊಟ್ಟು ವಸೂಲು ಮಾಡಲಾಗುವುದಿಲ್ಲ.

ಇದರ ನಡುವೆ ಜನವರಿಯ ಕೊನೆಯಲ್ಲಿ ವಿಯೆಟ್ನಾಮಿನ ನಗರಗಳ ಮೇಲೆ ಒಮ್ಮೆಲೇ ದೊಡ್ಡ ದಾಳಿ ನಡೆಯಿತು. ಯುದ್ಧ ಗೆಲುವಿನ ಹತ್ತಿರ ಬಂದಿದೆ ಎಂಬ ಸರ್ಕಾರದ ಮಾತು ಜನರ ಕಿವಿಗೆ ಟೊಳ್ಳಾಗಿ ಕೇಳಿಸತೊಡಗಿತು.

ಮಾರ್ಚಿ ೧೨ರಂದು ವೋಟು. ಜಾನ್ಸನ್ನರಿಗೆ ಸುಮಾರು ೨೭,೫೦೦. ಮೆಕಾರ್ಥಿಯವರಿಗೆ ಸುಮಾರು ೨೩,೩೦೦. ನೂರರ ಲೆಕ್ಕದಲ್ಲಿ ಜಾನ್ಸನ್ನರಿಗೆ ೫೦ಕ್ಕೂ ಕಡಮೆ, ಮೆಕಾರ್ಥಿಯವರಿಗೆ ೪೨ರಷ್ಟು. ರಿಪಬ್ಲಿಕನ್ ಮತದಾರರಲ್ಲಿಯೂ ೫,೦೦೦ಕ್ಕೂ ಹೆಚ್ಚು ಮಂದಿ ತಮ್ಮ ಚೀಟಿಯಲ್ಲಿ ಮೆಕಾರ್ಥಿಯವರ ಹೆಸರನ್ನು ಬರೆದಿದ್ದರು. ಎರಡು ಕಡೆಯದನ್ನೂ ಕೂಡಿಸಿದರೆ ಅಂತರ ಕೆಲವೇ ನೂರಕ್ಕೆ ಇಳಿಯುತ್ತಿತ್ತು. ಇನ್ನೊಂದು ಸ್ವಾರಸ್ಯ. ಜಾನ್ಸನ್ನರ ಕಡೆಯಿಂದ ಪ್ರತಿನಿಧಿ ಸ್ಥಾನಗಳಿಗೆ ಬೇಕಾದುದಕ್ಕಿಂತ ಹೆಚ್ಚು ಮಂದಿ ನಿಂತು ಮತಗಳು ಹಂಚಿಹೋದುವು. ಆದುದರಿಂದ ರಾಜ್ಯದ ೨೪ ಪ್ರತಿನಿಧಿಗಳಲ್ಲಿ ೨೦ ಮಂದಿ ಮೆಕಾರ್ಥಿಯವರ ಕಡೆಗೆ ಬಂದರು. ಮತದ ಲೆಕ್ಕದಲ್ಲಿ ಸೋತವರು ಪ್ರತಿನಿಧಿಗಳ ಲೆಕ್ಕದಲ್ಲಿ ಗೆದ್ದರು; ಜನರ ಬಾಯಲ್ಲಿಯೂ ಗೆದ್ದವರು ಅವರೇ ಆದರು.

ಇಲ್ಲಿ ನಿಂತು ಒಂದು ಮಾತನ್ನು ಯೋಚಿಸಬೇಕು. ಹಾಗೆ ಮೆಕಾರ್ಥಿಯವರಿಗೆ ಮತ ಕೊಟ್ಟವರೆಲ್ಲ ಯುದ್ಧ ಬೇಡವೆಂದವರೇ? ಮಿಚಿಗನ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಮತದಾರರನ್ನು ವಿಚಾರಿಸಿ ೧೯೬೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆಶ್ಚರ್ಯದ ಸಂಗತಿ ಕಂಡಿತು. ನ್ಯೂ ಹ್ಯಾಂಪ್‌ಷೈರಿನಲ್ಲಿ ಅವರಿಗೆ ಮತ ಕೊಟ್ಟವರಲ್ಲಿ, ಯುದ್ಧ ನಿಲ್ಲಲಿ ಎನ್ನುವವರಿಗಿಂತ, ಜಾನ್ಸನ್ನರು ಯುದ್ಧವನ್ನು ಬಿರುಸಾಗಿ ನಡೆಸಲಿಲ್ಲವೆಂದು ಮುನಿದಿದ್ದವರೇ ಹೆಚ್ಚಾಗಿದ್ದರು. ಮನೆಮನೆಗೆ ಹೋದ ಹುಡುಗರ ಉಮೇದು ಒಂದು. ಬಾಗಿಲು ತೆರೆದವರ ಅಸಮಾಧಾನ ಇನ್ನೊಂದು. ಎರಡೂ ಒಂದೇ ಚೀಟಿಯಲ್ಲಿ ಬಿದ್ದುವು. ಮತಪತ್ರಕ್ಕೆ ನಾಲಗೆಯಿಲ್ಲ, ಒಂದು ಗುರುತು ಮಾತ್ರ ಇದೆ. ಅದಕ್ಕೆ ಅರ್ಥ ಹೇಳುವ ಕೆಲಸ ಆಮೇಲೆ ಬರುವ ಟೀಕಾಕಾರರದು. ಹಳೆಯ ಕಾವ್ಯಗಳಿಗೆ ಟೀಕೆ ಬರೆದವರಂತೆ ಅವರಲ್ಲಿಯೂ ಭಿನ್ನಾಭಿಪ್ರಾಯ ತಪ್ಪಿದ್ದಲ್ಲ.

ಆಮೇಲೆ ಸಂಗತಿಗಳು ಬಲು ಬೇಗ ಬೇಗ ನಡೆದುವು. ನಾಲ್ಕೇ ದಿನಕ್ಕೆ, ಮಾರ್ಚಿ ೧೬ರಂದು, ಅಲ್ಲಿಯವರೆಗೆ ಹಿಂಜರಿದಿದ್ದ ರಾಬರ್ಟ್ ಕೆನೆಡಿಯವರು ತಾವೂ ಉಮೇದುವಾರರೆಂದರು. ಹಿಮದಲ್ಲಿ ಅಲೆದ ಹುಡುಗರಿಗೆ ಧರ್ಮಸಂಕಟ ಬಂತು. ಮೊದಲು ಧೈರ್ಯ ಮಾಡಿದವರ ಜೊತೆ ಉಳಿಯಬೇಕೆ? ನವೆಂಬರಿನಲ್ಲಿ ಗೆಲ್ಲಬಲ್ಲವರ ಕಡೆ ಹೋಗಬೇಕೆ? ಒಬ್ಬರಿಗೆ ಒಲಿದ ಮನಸ್ಸು ಇನ್ನೊಬ್ಬರಿಗೆ ಒಲಿಯುವುದು ಸುಲಭವಲ್ಲ. ಇಬ್ಬರ ಮಾತೂ ಯುದ್ಧದ ವಿಷಯದಲ್ಲಿ ಹತ್ತಿರ ಹತ್ತಿರವೇ ಇದ್ದರೂ ಇಬ್ಬರ ಕಡೆಯವರಲ್ಲಿ ಕಹಿ ಬೆಳೆಯಿತು. ಪ್ರೈಮರಿಯ ಕಾಲದ ಜಗಳ ಅಣ್ಣತಮ್ಮಂದಿರ ಪಾಲುಜಗಳದಂತೆ. ಹೊರಗಿನವರ ಜಗಳಕ್ಕಿಂತ ಅದು ಹೆಚ್ಚು ನೋಯಿಸುತ್ತದೆ.

ಮಾರ್ಚಿ ೩೧ರ ರಾತ್ರಿ ಜಾನ್ಸನ್ನರು ರೇಡಿಯೋ ಮತ್ತು ಟೆಲಿವಿಷನ್ನಿನಲ್ಲಿ ಜನರನ್ನುದ್ದೇಶಿಸಿ ಮಾತನಾಡಿದರು. ಉತ್ತರ ವಿಯೆಟ್ನಾಮಿನ ಬಹುಭಾಗದ ಮೇಲೆ ಬಾಂಬು ಹಾಕುವುದನ್ನು ನಿಲ್ಲಿಸುವುದಾಗಿ ಹೇಳಿ, ಕೊನೆಯಲ್ಲಿ ತಾವು ಮತ್ತೆ ಉಮೇದುವಾರರಾಗುವುದಿಲ್ಲವೆಂದರು. ಎರಡು ದಿನಗಳ ಮೇಲೆ ವಿಸ್ಕಾನ್ಸಿನ್ ಪ್ರೈಮರಿಯಲ್ಲಿ ಮೆಕಾರ್ಥಿಯವರು ಗೆದ್ದರು. ಏಪ್ರಿಲ್ ೪ರಂದು ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾಯಿತು. ಇಂಡಿಯಾನದಲ್ಲಿ ಕೆನೆಡಿ ಗೆದ್ದರು, ಆರೆಗಾನಿನಲ್ಲಿ ಮೆಕಾರ್ಥಿ, ಜೂನ್ ೪ರಂದು ಕ್ಯಾಲಿಫೋರ್ನಿಯದಲ್ಲಿ ಮತ್ತೆ ಕೆನೆಡಿ. ಆ ಗೆಲುವಿನ ಭಾಷಣ ಮುಗಿಸಿ ಬರುತ್ತಿದ್ದಾಗಲೇ ಅವರಿಗೆ ಗುಂಡು ತಗುಲಿತು, ೬ರಂದು ತೀರಿಕೊಂಡರು. ಎರಡು ತಿಂಗಳೊಳಗೆ ಎರಡು ಚಿತೆಗಳನ್ನು ಕಂಡಂತಾಯಿತು ಆ ದೇಶಕ್ಕೆ.

ಆಗಸ್ಟ್ ಕೊನೆಯಲ್ಲಿ ಷಿಕಾಗೋ ನಗರದಲ್ಲಿ ಡೆಮೊಕ್ರಾಟಿಕ್ ಮಹಾಧಿವೇಶನ. ಹೊರಗೆ ಬೀದಿಯಲ್ಲಿ ಯುದ್ಧವಿರೋಧಿ ಯುವಕರಿಗೂ ಪೋಲೀಸರಿಗೂ ಘರ್ಷಣೆ, ಲಾಠಿ, ಅಶ್ರುವಾಯು. ಒಳಗೆ ಉಮೇದುವಾರರೆಂದು ಗೊತ್ತಾದವರು ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಯವರು. ಅವರು ಒಂದೇ ಒಂದು ಪ್ರೈಮರಿಯಲ್ಲಿಯೂ ಸ್ಪರ್ಧಿಸಿರಲಿಲ್ಲ. ಹಂಫ್ರಿಯವರು ಯೋಗ್ಯರು, ಬಡವರ ಪರವಾಗಿ, ಕರಿಯ ಜನರ ಹಕ್ಕುಗಳ ಪರವಾಗಿ ಬಹುಕಾಲ ದುಡಿದವರು. ಆದರೆ ವಸಂತವೆಲ್ಲ ಬಾಗಿಲು ತಟ್ಟಿದವರಿಗೆ ಕಂಡದ್ದು ಒಂದೇ: ನಾವು ಅಷ್ಟು ಮಂದಿಯ ಮತ ತಂದೆವು, ಅಡುಗೆ ಮೊದಲೇ ಆಗಿಹೋಗಿತ್ತು. ನವೆಂಬರಿನಲ್ಲಿ ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ನರು ನೂರಕ್ಕೆ ಒಂದಕ್ಕೂ ಕಡಮೆ ಮತಗಳ ಅಂತರದಿಂದ ಗೆದ್ದರು. ಮೆಕಾರ್ಥಿಯವರು ಹಂಫ್ರಿಯವರಿಗೆ ಬೆಂಬಲ ಹೇಳಿದ್ದು ಅಕ್ಟೋಬರ್ ಕೊನೆಯ ವಾರದಲ್ಲಿ, ಅದೂ ಒಲ್ಲದ ಮನಸ್ಸಿನಿಂದ.

ಹಾಗಾದರೆ ಆ ಉಮೇದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಲಸಿದಂತೆ ಆಯಿತೆ? ಇಲ್ಲ. ಷಿಕಾಗೋ ಅಧಿವೇಶನದ ಗಲಭೆಯ ನಡುವೆಯೇ ಪ್ರತಿನಿಧಿಗಳ ಆಯ್ಕೆಯ ಕ್ರಮವನ್ನು ತಿದ್ದಬೇಕೆಂಬ ನಿರ್ಣಯವಾಯಿತು. ಅದರಂತೆ ೧೯೬೯ರಲ್ಲಿ ಒಂದು ಆಯೋಗ ಏರ್ಪಟ್ಟಿತು. ಮೊದಲು ಜಾರ್ಜ್ ಮೆಕ್‌ಗವರ್ನ್, ಆಮೇಲೆ ಡೊನಾಲ್ಡ್ ಫ್ರೇಸರ್ ಅದರ ಅಧ್ಯಕ್ಷರು. ವಿಚಾರಿಸಿ ನೋಡಿದಾಗ ಆಯೋಗಕ್ಕೆ ತಿಳಿದ ಒಂದು ಸಂಗತಿ ಇದು: ೧೯೬೮ರ ಪ್ರತಿನಿಧಿಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವರ ಆಯ್ಕೆ ಆ ವರ್ಷ ಹುಟ್ಟುವುದಕ್ಕೆ ಮುಂಚೆಯೇ ಬಹುಮಟ್ಟಿಗೆ ಮುಗಿದುಹೋಗಿತ್ತು. ಉಮೇದುವಾರರು ಯಾರೆಂದು ತಿಳಿಯುವುದಕ್ಕೆ ಮೊದಲೇ ಅವರನ್ನು ಆರಿಸುವವರು ಗೊತ್ತಾಗಿದ್ದರು! ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ ಅಲ್ಲವೆ? ಇನ್ನು ಮುಂದೆ ಆಯ್ಕೆ ಚುನಾವಣೆಯ ವರ್ಷದಲ್ಲಿಯೇ ನಡೆಯಬೇಕು, ಮುಂಚಿತವಾಗಿ ಪ್ರಕಟವಾಗಬೇಕು, ಪಕ್ಷದ ಮತದಾರರೆಲ್ಲರಿಗೂ ತೆರೆದಿರಬೇಕು ಎಂಬ ನಿಯಮಗಳು ಬಂದುವು. ಇವನ್ನು ಪಾಲಿಸಲು ಸುಲಭವಾದ ದಾರಿಯೆಂದು ಅನೇಕ ರಾಜ್ಯಗಳು ಪ್ರೈಮರಿಗಳನ್ನೇ ಹಿಡಿದುವು. ರಿಪಬ್ಲಿಕನ್ ಪಕ್ಷವೂ ಅದೇ ದಾರಿಗೆ ಬಂತು. ೧೯೭೧ರಲ್ಲಿ ಸಂವಿಧಾನದ ೨೬ನೆಯ ತಿದ್ದುಪಡಿ ಹದಿನೆಂಟು ತುಂಬಿದವರಿಗೆಲ್ಲ ವೋಟಿನ ಹಕ್ಕು ಕೊಟ್ಟಿತು. ಮೆಕಾರ್ಥಿಯವರು ಎಂದೂ ಅಧ್ಯಕ್ಷರಾಗಲಿಲ್ಲ, ೨೦೦೫ರಲ್ಲಿ ತೀರಿಕೊಂಡರು. ಅವರ ಕಡೆಯವರ ಉಮೇದು ಅವರನ್ನು ಒಳಗೆ ಕಳುಹಿಸಲಾರದೆ ಹೋದರೂ ಬಾಗಿಲನ್ನು ಅಗಲಮಾಡಿತು. ಉಮೇದಿನ ಫಲ ಉಮೇದುವಾರನ ಫಲಕ್ಕಿಂತ ಬೇರೆಯಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಬಾಗಿಲು ಅಗಲವಾದರೆ ಸಾಕೆ? ಅದರ ಫಲ ಎರಡು ಬಗೆಯಾಗಿ ಕಂಡಿತು. ೧೯೭೨ರಲ್ಲಿ ಅದೇ ಮೆಕ್‌ಗವರ್ನ್ ಅವರು ಯುದ್ಧವಿರೋಧಿಗಳ ಹುರುಪಿನ ಬಲದಿಂದ ಪಕ್ಷದ ಉಮೇದುವಾರರಾದರು. ನವೆಂಬರಿನಲ್ಲಿ ೫೦ ರಾಜ್ಯಗಳಲ್ಲಿ ೪೯ನ್ನು ಸೋತರು. ಪ್ರೈಮರಿಗೆ ಬರುವವರು ಸಾಮಾನ್ಯ ಚುನಾವಣೆಗೆ ಬರುವವರಿಗಿಂತ ಬಹಳ ಕಡಮೆ. ಬರುವವರಲ್ಲಿ ಬಿಸಿರಕ್ತದವರು ಹೆಚ್ಚು. ಅವರ ಒಲವೇ ದೇಶದ ಒಲವೆಂದು ಭ್ರಮಿಸಬಾರದು. ೧೯೭೬ರಲ್ಲಿ ಇನ್ನೊಂದು ಬಗೆ. ಜಾರ್ಜಿಯ ರಾಜ್ಯದ ಗವರ್ನರಾಗಿದ್ದ ಜಿಮ್ಮಿ ಕಾರ್ಟರರನ್ನು ಹೊರಗಿನ ರಾಜ್ಯಗಳಲ್ಲಿ ಬಲ್ಲವರೇ ಕಡಮೆ. ಅವರ ಊರುಕೇರಿಯ ಪರಿಚಿತರು ಸ್ವಂತ ಖರ್ಚಿನಿಂದ ದಕ್ಷಿಣದ ಬೆಚ್ಚನೆಯ ನಾಡನ್ನು ಬಿಟ್ಟು ನ್ಯೂ ಹ್ಯಾಂಪ್‌ಷೈರಿನ ಹಿಮಕ್ಕೆ ಹೋಗಿ ಮನೆಮನೆಯ ಬಾಗಿಲು ತಟ್ಟಿ, ‘ಈತನನ್ನು ನಾವು ಬಲ್ಲೆವು’ ಎಂದರು. ಕಾರ್ಟರರು ನೆಲಗಡಲೆಯ ವ್ಯವಸಾಯಗಾರರಾಗಿದ್ದುದರಿಂದ ಆ ತಂಡಕ್ಕೆ ‘ಕಡಲೆಕಾಯಿ ದಂಡು’ ಎಂಬ ಹೆಸರು ಬಂತು. ಕಾರ್ಟರರು ಆ ಪ್ರೈಮರಿಯನ್ನೂ ಗೆದ್ದರು, ನವೆಂಬರನ್ನೂ ಗೆದ್ದರು.

ಈ ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೨೪ರಲ್ಲಿ ಡೆಮೊಕ್ರಾಟಿಕ್ ಪಕ್ಷ ಮೊದಲ ಪ್ರೈಮರಿಯ ಗೌರವವನ್ನು ದಕ್ಷಿಣ ಕ್ಯಾರೊಲೈನಕ್ಕೆ ಕೊಟ್ಟಿತು. ನ್ಯೂ ಹ್ಯಾಂಪ್‌ಷೈರಿನವರು ತಮ್ಮ ರಾಜ್ಯದ ಕಾನೂನಿನಂತೆ ಜನವರಿ ೨೩ರಂದೇ ವೋಟು ನಡೆಸಿದರು. ಅಧ್ಯಕ್ಷ ಬೈಡನ್ನರ ಹೆಸರು ಮತಪತ್ರದಲ್ಲಿ ಇರಲಿಲ್ಲ. ಅವರ ಕಡೆಯವರು ಕೈಯಿಂದ ಹೆಸರು ಬರೆದು ಗೆಲ್ಲಿಸಿದರು. ಆದರೆ ಜುಲೈ ೨೧ರಂದು ಅವರು ತಾವಾಗಿ ಹಿಂದೆ ಸರಿದರು. ಪ್ರೈಮರಿಗಳಲ್ಲಿ ಉಮೇದುವಾರರಾಗಿ ನಿಲ್ಲದಿದ್ದ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ಸರನ್ನು ಪ್ರತಿನಿಧಿಗಳು ಆರಿಸಿದರು. ಆ ವರ್ಷದ ಅಧಿವೇಶನವೂ ಷಿಕಾಗೋದಲ್ಲಿಯೇ ನಡೆಯಿತು. ಇತ್ತ ರಿಪಬ್ಲಿಕನ್ ಪ್ರೈಮರಿಗಳನ್ನು ಗೆದ್ದುಬಂದ ಡೊನಾಲ್ಡ್ ಟ್ರಂಪರು ನವೆಂಬರಿನಲ್ಲಿ ಗೆದ್ದರು. ೧೯೬೮ಕ್ಕೂ ೨೦೨೪ಕ್ಕೂ ವ್ಯತ್ಯಾಸಗಳು ಬಹಳ. ಆದರೂ, ನಿಯಮಗಳನ್ನು ಎಷ್ಟು ತಿದ್ದಿದರೂ ಕೊನೆಯ ಗಳಿಗೆಯಲ್ಲಿ ತೀರ್ಮಾನ ಪ್ರತಿನಿಧಿಗಳ ಕೈಗೆ ಬರಬಹುದು ಎಂಬುದು ಎರಡು ಸಲವೂ ಕಂಡಿತು.

ಉಮೇದಿಗೆ ಒಂದು ಅಪಾಯವೂ ಉಂಟು. ಮನುಷ್ಯನಿಗೆ ಒಲಿಯುವುದು ಪೂಜೆಗೆ ತಿರುಗಿದರೆ ಪ್ರಶ್ನೆ ಕೇಳುವ ನಾಲಗೆ ಬಿದ್ದುಹೋಗುತ್ತದೆ. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರದ ದಾರಿಯೆಂದು ಡಾಕ್ಟರ್ ಅಂಬೇಡ್ಕರ್ ಅವರು ೧೯೪೯ರ ನವೆಂ‍ಬರಿನಲ್ಲಿ ನಮ್ಮ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಆ ಎಚ್ಚರಿಕೆ ಯಾವ ದೇಶದ ಮತದಾರನಿಗೂ ಸಲ್ಲುತ್ತದೆ. ನ್ಯೂ ಹ್ಯಾಂಪ್‌ಷೈರಿಗೆ ಹೋದ ಹುಡುಗರಲ್ಲಿ ಮೆಚ್ಚಬೇಕಾದದ್ದು ಅವರು ಒಬ್ಬರನ್ನು ಹಾಡಿ ಹೊಗಳಿದ್ದಲ್ಲ. ತಮ್ಮ ಪ್ರಾಣದ ಪ್ರಶ್ನೆಯನ್ನು ಹಿಡಿದು, ಅದನ್ನು ಕೇಳಬಲ್ಲ ಒಬ್ಬರನ್ನು ಹುಡುಕಿಕೊಂಡು, ಅಪರಿಚಿತರ ಮನೆಯ ಮೆಟ್ಟಿಲ ಮೇಲೆ ನಿಂತು ಅವರ ಮಾತನ್ನು ಕೇಳಿಬಂದದ್ದು.

ಮುಂದಿನ ಸಲ ಆ ದೇಶದ ಪ್ರೈಮರಿಯ ವಾರ್ತೆ ರೇಡಿಯೋದಲ್ಲಿ ಬಂದಾಗ ಗೆದ್ದವರ ಹೆಸರನ್ನು ಕೇಳಿ ತಿರುಪನ್ನು ತಿರುಗಿಸಿಬಿಡಬೇಡಿ. ನೂರಕ್ಕೆ ಎಷ್ಟು ಮತ ಎಂಬುದರ ಜೊತೆಗೆ ಎಷ್ಟು ಪ್ರತಿನಿಧಿಗಳು ಬಂದರೆಂದು ಗಮನಿಸಿ. ಸೋತವರಿಗೆ ಎಷ್ಟು ಬಂತೆಂದು ಗಮನಿಸಿ. ೧೯೬೮ರಲ್ಲಿ ದೊಡ್ಡ ಸುದ್ದಿ ಅದೇ ಆಗಿತ್ತು. ವೋಟಿಗೆ ಬಂದವರು ಎಷ್ಟು ಮಂದಿ, ಮನೆಯಲ್ಲಿ ಉಳಿದವರು ಎಷ್ಟು ಮಂದಿ ಎಂಬುದನ್ನೂ ಕೇಳಿ. ಅಂಕಿಗಳ ಹಿಂದೆ ಯಾರೋ ಒಬ್ಬರು ಹಿಮದಲ್ಲಿ ನಿಂತು ಬಾಗಿಲು ತಟ್ಟಿರುತ್ತಾರೆ. ಇನ್ನೊಬ್ಬರು ಒಲೆಯ ಮುಂದಿನಿಂದ ಎದ್ದು ಬಂದು ಆ ಬಾಗಿಲನ್ನು ತೆರೆದಿರುತ್ತಾರೆ.